ಒಂಬತ್ತನೇ ಕಾಲಮ್ಮು

ಉಪ್ಪಳದ ಶಾಲೆ, ವಿಜ್ಞಾನದ ಲ್ಯಾಬು. ಮೇಜಿನ ಮೇಲೆ
ಫಾರ್ಮಲಿನ್ ಬಾಟಲಿಯೊಳಗೆ ಎಷ್ಟೋ ವರ್ಷದಿಂದ ಒಂದು ಕಪ್ಪೆ
ಬಾಯಿ ತೆರೆದುಕೊಂಡೇ ಇದೆ. ಅದನ್ನು ಆಚೆ ಸರಿಸಿ
ನನ್ನ ಪೆಟ್ಟಿಗೆ ಇಟ್ಟೆ: ತೋಳಿಗೆ ಸುತ್ತುವ ಪಟ್ಟಿ,
ಗಾಳಿಯೊತ್ತುವ ಗುಂಡು, ಪೆನ್ಸಿಲು,
ನಲವತ್ತೆರಡು ಮಕ್ಕಳ ಹೆಸರಿನ ಹಾಳೆ.

ಹಾಳೆ ಮಲೆಯಾಳದ್ದು, ಮಕ್ಕಳು ಕನ್ನಡ ಮೀಡಿಯಂ.
ಒಂದೊಂದೇ ಕಾಲಮ್ಮನ್ನು ಬಾಯಲ್ಲೇ ಕನ್ನಡ ಮಾಡಿ ಕೇಳುತ್ತೇನೆ:
ಎತ್ತರ, ತೂಕ, ಸೊಂಟದ ಸುತ್ತು,
ಅಪ್ಪನಿಗೆ ಶುಗರ್ ಉಂಟಾ, ಅಜ್ಜನಿಗೆ ಅಟ್ಯಾಕ್ ಆದದ್ದುಂಟಾ,
ಎಲ್ಲಕ್ಕೂ ಚಟಪಟ ಉತ್ತರ.
ಒಂಬತ್ತನೆಯದು ಬಂದಾಗ ಮಾತ್ರ
ಎಲ್ಲರಿಗೂ ಕಿಟಕಿಯಾಚೆಯ ಹೈವೇ ಬೇಕು.

ಮೊಬೈಲು, ದಿನಕ್ಕೆ ಎಷ್ಟು ಗಂಟೆ?

'ಒಂದು' ಅಂದ ಕೃಪೇಶ. ಅವನ ಹೆಬ್ಬೆರಳು
ತೊಡೆಯ ಮೇಲೆ ತನ್ನಷ್ಟಕ್ಕೇ ಓಡುತ್ತಿತ್ತು,
ಇಲ್ಲದ ಗಾಜನ್ನು ಮೇಲಕ್ಕೆ, ಮೇಲಕ್ಕೆ ತಳ್ಳುತ್ತ.
ಪಟ್ಟಿ ಸುತ್ತಿ ಕಿವಿಗೊಟ್ಟೆ.
ಕೊಳವೆಯ ಆ ತುದಿಯಲ್ಲಿ ಯಾರೋ
ಒಳಗಿಂದ ಬಾಗಿಲು ಬಡಿದಂತೆ.
ನೂರ ಮೂವತ್ತಾರು. ಐದು ನಿಮಿಷ ಕೂರಿಸಿ ಮತ್ತೊಮ್ಮೆ:
ನೂರ ಮೂವತ್ತೆಂಟು.
ವಯಸ್ಸು ಹದಿನೈದು. ಮೀಸೆ ಇನ್ನೂ ಅಳಿಸಬಹುದಾದ ಗೀಟು.

'ನಿದ್ದೆ?' 'ಬರ್ತದೆ ಸಿಸ್ಟರ್, ಮೂರು ಗಂಟೆಗೆ.'
'ಆಟ?' 'ಆಡ್ತೇನಲ್ಲ, ಫುಟ್ಬಾಲ್' ಅಂದು ನಕ್ಕ.
ಯಾವ ಫುಟ್ಬಾಲೆಂದು ನನಗೂ ತಿಳಿಯಿತು. ಹೊರಗೆ ಮೈದಾನದಲ್ಲಿ
ಮೊಣಕಾಲುದ್ದ ಹುಲ್ಲು,
ಗೋಲಿನ ಕಂಬಕ್ಕೆ ಯಾರದೋ ಆಡು ಕಟ್ಟಿತ್ತು.

ಮಲಗುವ ಒಂದು ಗಂಟೆ ಮೊದಲು ಫೋನು ದೂರ ಇಡು,
ಉಪ್ಪು ಕಡಿಮೆ ಮಾಡು, ಸಂಜೆ ಓಡು.
ತರಬೇತಿಯಲ್ಲಿ ಕಲಿಸಿದ್ದು.
ಇಪ್ಪತ್ತಾರು ಸಲ ಹೇಳಿದೆ, ಬಸ್ಸಿನ ಕಂಡಕ್ಟರು
ಊರುಗಳ ಹೆಸರು ಕೂಗಿದ ಹಾಗೆ.

ಇಪ್ಪತ್ತೇಳನೆಯವಳು ನುಸೈಬ. ತೋಳು ಮುಂದಿಟ್ಟು
ನಾನು ಕೇಳುವ ಮೊದಲೇ ಹೇಳಿದಳು: 'ಏಳು.'
ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
'ಏಳಾ?'
'ಎರಡು ಟ್ಯೂಷನ್. ಎರಡು ಹೀಗೇ, ಸುಮ್ಮನೆ.
ಮೂರು ಉಪ್ಪ.'

ಉಪ್ಪ ಅಜ್ಮಾನಿನಲ್ಲಿ. ಗ್ಯಾರೇಜಿನ ಕೆಲಸ ಮುಗಿದು
ಅಲ್ಲಿ ಹತ್ತಾದಾಗ ಇಲ್ಲಿ ಹನ್ನೊಂದೂವರೆ.
ಮಾತೇನೂ ಹೆಚ್ಚಿಲ್ಲ. ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ
ಅವರು ಈರುಳ್ಳಿ ಹೆಚ್ಚುತ್ತಾರೆ,
ಇವಳು ಲೆಕ್ಕ ಮಾಡುತ್ತಾಳೆ.
ಕೆಲವು ದಿನ ಕಾಲ್ ಹಾಗೇ ಇರುತ್ತದೆ, ಅವರಿಗೆ ನಿದ್ದೆ.

'ಕಟ್ ಮಾಡುವುದಲ್ವಾ ಮತ್ತೆ?'
'ಗೊರಕೆ ಕೇಳ್ತದೆ ಸಿಸ್ಟರ್. ನಡುವಲ್ಲಿ ಒಮ್ಮೊಮ್ಮೆ ನಿಲ್ತದೆ.
ಪುನಃ ಶುರುವಾಗುವಲ್ಲಿವರೆಗೆ ನಾನು ಮಲಗುವುದಿಲ್ಲ.'
ಸ್ವಲ್ಪ ತಡೆದು, ಕಪ್ಪೆಯನ್ನು ನೋಡುತ್ತ:
'ಹೋದ ವರ್ಷ ಅವರ ರೂಮಿನ ಒಬ್ಬರು ಬೆಳಿಗ್ಗೆ ಏಳಲಿಲ್ಲ.'

ನೂರ ಮೂವತ್ತು, ಎಂಬತ್ನಾಲ್ಕು.
ಫೋನು ದೂರ ಇಡು ಎಂಬಲ್ಲಿಗೆ ಬಂದು ನನ್ನ ನಾಲಿಗೆ ನಿಂತಿತು.
ಒಂಬತ್ತನೇ ಕಾಲಮ್ಮಿನಲ್ಲಿ ಜಾಗ
ಒಂದು ಅಂಕಿಗೆ ಮಾತ್ರ. ಏಳು ಬರೆಯಲೇ, ನಾಲ್ಕೇ?
ಬರೆಯದೆ ಅವಳ ಮಣಿಕಟ್ಟು ಹಿಡಿದು
ಬೇಕಿಲ್ಲದಿದ್ದರೂ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದೆ.
ಆಮೇಲೆ ಅಂದೆ: 'ಉಪ್ಪನಿಗೆ ಹೇಳು, ಗೊರಕೆ ಹಾಗೆ ನಿಲ್ಲಬಾರದು,
ಅಲ್ಲಿ ಡಾಕ್ಟರಿಗೆ ತೋರಿಸಲಿ. ಕಾವಲು ನಿನ್ನ ಕೆಲಸವಲ್ಲ.'
ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ.
ಪಟ್ಟಿ ಬಿಚ್ಚಿದಾಗ ತೋಳಿನಲ್ಲಿ ನೇಯ್ಗೆಯ ಅಚ್ಚು,
ಬಾಗಿಲು ದಾಟುವಷ್ಟರಲ್ಲಿ ಅದೂ ಮಾಸಿತ್ತು.

ನಲವತ್ತೆರಡು ಮುಗಿದು ಪೆಟ್ಟಿಗೆ ಮುಚ್ಚುವಾಗ
ಬಾಗಿಲ ಬಳಿ ಕೃಪೇಶ, ಒಂದು ಕಾಲು ಹೊರಗೆ.
'ಸಿಸ್ಟರ್, ನನ್ನದು ಒಂದು ಅಂತ ಬರೆದದ್ದು...'
ಈ ಸಲ ಅವನು ಹೈವೇ ನೋಡಲಿಲ್ಲ.

ಪೆಟ್ಟಿಗೆ ಮತ್ತೆ ತೆರೆದು
ರಬ್ಬರು ಹುಡುಕಿದೆ.